ಕೃತಕ ಹಾಸಿನ ಮೇಲೆ ಗಾಲ್ಫ್ ಅಭ್ಯಾಸ: ಚಳಿಗಾಲದ ರೂಢಿ ಮತ್ತು ಹೊಡೆತದ ಶುದ್ಧಿ

ಗಾಲ್ಫ್ ಎಂದೊಡನೆ ಅದು ಸಿರಿವಂತರ ವಿನೋದ, ನಮ್ಮಂಥವರಿಗೆ ಸಲ್ಲದು ಎಂದು ಪತ್ರಿಕೆಯ ಪುಟ ಮಗುಚುತ್ತಿದ್ದ ಕಾಲವೊಂದಿತ್ತು. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತದ ಅಂತರದಿಂದ ಪದಕ ತಪ್ಪಿ ನಾಲ್ಕನೆಯ ಸ್ಥಾನ ಪಡೆದ ಆ ಶನಿವಾರದ ಬೆಳಗ್ಗೆ, ಈ ಆಟದ ಗಂಧವಿಲ್ಲದವರೂ ದೂರದರ್ಶನದ ಮುಂದೆ ಕುಳಿತಿದ್ದರು. ಇಂದು ನಮ್ಮ ಓದುಗ ಕುಟುಂಬಗಳಲ್ಲಿ ಗಾಲ್ಫ್ ಕೋಲು ಹಿಡಿದವರು ಅಪರೂಪವಲ್ಲ. ನಿವೃತ್ತಿಯ ನಂತರ ಹವ್ಯಾಸವಾಗಿ ಆರಂಭಿಸಿದ ಹಿರಿಯರಿದ್ದಾರೆ, ಶಾಲೆಯ ನಂತರ ತರಬೇತಿಗೆ ಹೋಗುವ ಮಕ್ಕಳಿದ್ದಾರೆ, ಟೊರಾಂಟೊ, ಷಿಕಾಗೊ, ಲಂಡನ್ನಿನಂಥ ಶೀತಪ್ರದೇಶಗಳಲ್ಲಿ ನೆಲೆಸಿ ಅಲ್ಲಿಯೇ ಈ ಆಟ ಕಲಿತ ಮಗ, ಮಗಳು, ಅಳಿಯಂದಿರಿದ್ದಾರೆ. ಇವರೆಲ್ಲರಿಗೂ ಸಾಮಾನ್ಯವಾದ ಒಂದು ಅನುಭವವುಂಟು. ಚಳಿಗಾಲವಿಡೀ ಡ್ರೈವಿಂಗ್ ರೇಂಜ್‌ನ ಹಸಿರು ಪ್ಲಾಸ್ಟಿಕ್ ಹಾಸಿನ ಮೇಲೆ ಚೆಂಡುಗಳು ಬಾಣದಂತೆ ಹಾರುತ್ತವೆ. ವಸಂತದಲ್ಲಿ ನಿಜವಾದ ಹುಲ್ಲಿಗೆ ಬಂದ ಮೊದಲ ದಿನವೇ ಅದೇ ಕೈ, ಅದೇ ಕೋಲು ಮಣ್ಣನ್ನು ಅಗೆಯತೊಡಗುತ್ತದೆ. ಇದರ ಕಾರಣಗಳನ್ನೂ, ಇದ್ದುದರಲ್ಲಿ ಹಾಸಿನ ಅಭ್ಯಾಸವನ್ನು ಉಪಯುಕ್ತವಾಗಿಸುವ ಬಗೆಯನ್ನೂ ಈ ಲೇಖನದಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಹಾಸು ಏಕೆ ಬೇಕಾಯಿತು

ಹುಲ್ಲು ಜೀವಂತ ವಸ್ತು. ಮಣ್ಣಿನ ಉಷ್ಣತೆ ಸುಮಾರು 5–6 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಬ್ರಿಟನ್ನಿನ ಹುಲ್ಲುಗಳ ಬೆಳವಣಿಗೆ ಬಹುಮಟ್ಟಿಗೆ ನಿಂತುಹೋಗುತ್ತದೆ. ಐರನ್ ಎಂಬ ಲೋಹದ ಕೋಲಿನ ಪ್ರತಿಯೊಂದು ಸರಿಯಾದ ಹೊಡೆತವೂ ನೆಲದಿಂದ ಒಂದು ತೆಳುವಾದ ಹುಲ್ಲಿನ ಹೆಪ್ಪನ್ನು ಕಿತ್ತೆಸೆಯುತ್ತದೆ. ಇದಕ್ಕೆ ಡಿವಟ್ ಎನ್ನುತ್ತಾರೆ. ಬೇಸಗೆಯಲ್ಲಿ ಆ ಗಾಯ ಕೆಲವೇ ವಾರಗಳಲ್ಲಿ ಮಾಯುತ್ತದೆ. ಡಿಸೆಂಬರಿನಲ್ಲಿ ಆದ ಗಾಯವಾದರೋ ಏಪ್ರಿಲ್‌ವರೆಗೆ ಹಾಗೆಯೇ ಉಳಿಯುತ್ತದೆ. ಆದುದರಿಂದಲೇ ಗಾಲ್ಫ್‌ನ ತವರೆನಿಸಿದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್‌ನಲ್ಲಿಯೂ ನವೆಂಬರ್‌ನಿಂದ ಮಾರ್ಚ್‌ವರೆಗೆ ಫೇರ್‌ವೇ ಮೇಲಿನ ಚೆಂಡನ್ನು ಎತ್ತಿ, ಜೊತೆಯಲ್ಲೊಯ್ದ ಒಂದು ಪುಟ್ಟ ಹಾಸಿನ ತುಂಡಿನ ಮೇಲಿಟ್ಟು ಹೊಡೆಯುವ ಪದ್ಧತಿಯಿದೆ. ಶತಮಾನಗಳ ಇತಿಹಾಸವುಳ್ಳ ಮೈದಾನದಲ್ಲಿ ಆಟಗಾರರು ಬಾಗಿಲ ಕಾಲೊರಸಿನಷ್ಟು ಕೂಡ ಇಲ್ಲದ ತುಂಡೊಂದನ್ನು ಹೊತ್ತು ನಡೆಯುವ ದೃಶ್ಯ ವಿಚಿತ್ರವೆನಿಸಿದರೂ, ಮೈದಾನ ಉಳಿದಿರುವುದು ಇಂಥ ಶಿಸ್ತಿನಿಂದಲೇ.

ಅಭ್ಯಾಸದ ರೇಂಜ್‌ನಲ್ಲಿ ಈ ಸಮಸ್ಯೆ ಇನ್ನೂ ತೀವ್ರ. ಒಂದೇ ಜಾಗದಿಂದ ದಿನಕ್ಕೆ ಸಾವಿರಾರು ಹೊಡೆತಗಳು ಬಿದ್ದರೆ ಯಾವ ಹುಲ್ಲೂ ಉಳಿಯದು. ಇದಕ್ಕೆ ಪರಿಹಾರ ದೊರೆತದ್ದು ಅಮೆರಿಕದ ಮೊನ್ಸಾಂಟೊ ಸಂಸ್ಥೆ 1960ರ ದಶಕದಲ್ಲಿ ರೂಪಿಸಿದ ನೈಲಾನ್ ಹುಲ್ಲಿನಿಂದ. 1964ರಲ್ಲಿ ಅದನ್ನು ಪ್ರಾವಿಡೆನ್ಸ್ ನಗರದ ಶಾಲೆಯೊಂದರಲ್ಲಿ ಮೊದಲು ಹಾಸಲಾಯಿತು. 1966ರಲ್ಲಿ ಹ್ಯೂಸ್ಟನ್ನಿನ ಆಸ್ಟ್ರೊಡೋಮ್ ಕ್ರೀಡಾಂಗಣಕ್ಕೆ ಬಳಸಿದ ನಂತರ ಆಸ್ಟ್ರೊಟರ್ಫ್ ಎಂಬ ಹೆಸರು ಬಂದಿತು. ಇಂದಿನ ಗಾಲ್ಫ್ ಹಾಸುಗಳು ಅದೇ ವಂಶದವು: ಮೇಲೆ ನೈಲಾನ್ ಅಥವಾ ಪಾಲಿಪ್ರೊಪಿಲೀನ್ ಎಳೆಗಳು, ಅದರ ಕೆಳಗೆ ಫೋಮ್ ಅಥವಾ ರಬ್ಬರಿನ ಪದರ, ಅದಕ್ಕೂ ಕೆಳಗೆ ಬಹುತೇಕ ಕಾಂಕ್ರೀಟು.

ನಮ್ಮ ದೇಶದಲ್ಲಿ ಹಿಮ ಬೀಳುವ ಮೈದಾನಗಳು ಕಡಿಮೆಯಾದರೂ ದೆಹಲಿಯ ಓದುಗರಿಗೆ ಈ ಮಾತು ಅಪರಿಚಿತವಲ್ಲ. ನಾವು ಗಣಪತಿಗೆ ಏರಿಸುವ ಗರಿಕೆಯನ್ನೇ ಉತ್ತರದವರು ದೂಬ್ ಎಂದೂ, ಗಾಲ್ಫ್ ಜಗತ್ತು ಬರ್ಮುಡಾ ಹುಲ್ಲು ಎಂದೂ ಕರೆಯುತ್ತವೆ. ಭಾರತದ ಬಯಲು ಪ್ರದೇಶದ ಮೈದಾನಗಳಲ್ಲಿ ಹೆಚ್ಚಾಗಿ ಕಾಣುವುದು ಈ ಗರಿಕೆ ಮತ್ತು ಅದರ ಮಿಶ್ರತಳಿಗಳು. ಬಿಸಿಲನ್ನು ಪ್ರೀತಿಸುವ ಈ ಹುಲ್ಲು ಡಿಸೆಂಬರ್, ಜನವರಿಯ ಚಳಿಗೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿ ನಿದ್ರಿಸುತ್ತದೆ. ಮುಂಬಯಿಯಲ್ಲಿ ಇದೇ ಕಷ್ಟವನ್ನು ತಂದೊಡ್ಡುವುದು ಮಳೆಗಾಲ. ಕೆಸರಾದ ನೆಲದಲ್ಲಿ ಕೋಲು ಬೀಸಲಾಗದೆ ಅಲ್ಲಿನವರೂ ಹಾಸಿಗೆ ಶರಣಾಗುತ್ತಾರೆ. ಋತು ಬೇರೆ, ಪರಿಣಾಮ ಒಂದೇ.

ನೆಲ ಮತ್ತು ಕೋಲಿನ ಸಂಬಂಧ

ವಿಷಯದ ತಿರುಳು ಇಲ್ಲಿದೆ. ಗಾಲ್ಫ್ ಚೆಂಡಿನ ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆಯಿರಬಾರದು, ತೂಕ 45.93 ಗ್ರಾಂ ಮೀರಬಾರದು ಎಂಬುದು ನಿಯಮ. ಈ ಪುಟ್ಟ ವಸ್ತುವಿಗೂ ಕೋಲಿನ ಮುಖಕ್ಕೂ ನಡುವಿನ ಸಂಪರ್ಕ ಸುಮಾರು ಅರ್ಧ ಮಿಲಿಸೆಕೆಂಡು ಮಾತ್ರ. ಚೆಂಡಿನ ದಾರಿ, ವೇಗ, ತಿರುಗು ಎಲ್ಲವೂ ಆ ಅಲ್ಪ ಕಾಲದಲ್ಲಿ ನಿರ್ಧಾರವಾಗಿಬಿಡುತ್ತವೆ. ಆದುದರಿಂದ ಆ ಕ್ಷಣಕ್ಕೆ ಮೊದಲು ಕೋಲು ಏನನ್ನು ತಾಗಿತು ಎಂಬುದು ಅತಿ ಮುಖ್ಯ.

ಕೋಲಿನ ತಲೆ ಆಟಗಾರನ ಸುತ್ತ ಹೆಚ್ಚುಕಡಿಮೆ ವೃತ್ತಾಕಾರವಾಗಿ ಚಲಿಸುತ್ತದೆ. ಆ ವೃತ್ತದ ಅತ್ಯಂತ ಕೆಳಗಿನ ತುದಿಯನ್ನು ಕೆಳಬಿಂದು ಎನ್ನೋಣ. ನುರಿತ ಆಟಗಾರ ಐರನ್ ಬೀಸಿದಾಗ ಈ ಕೆಳಬಿಂದು ಚೆಂಡಿನ ಕೆಳಗಿರುವುದಿಲ್ಲ, ಗುರಿಯ ಕಡೆಗೆ ಸುಮಾರು 8–10 ಸೆಂಟಿಮೀಟರ್ ಮುಂದಿರುತ್ತದೆ. ಅಂದರೆ ಕೋಲು ಇನ್ನೂ ಕೆಳಗಿಳಿಯುತ್ತಿರುವಾಗಲೇ ಚೆಂಡನ್ನು ಮುಟ್ಟುತ್ತದೆ, ಆಮೇಲೆ ನೆಲವನ್ನು ಮುಟ್ಟುತ್ತದೆ. ಮೊದಲು ಚೆಂಡು, ಬಳಿಕ ಹುಲ್ಲು. ಟ್ರ್ಯಾಕ್‌ಮ್ಯಾನ್ ಎಂಬ ರೇಡಾರ್ ಉಪಕರಣದ ಪ್ರಕಟಿತ ಸರಾಸರಿಗಳಂತೆ ಅಮೆರಿಕದ ಪಿಜಿಎ ಟೂರ್‌ನ ಪುರುಷರು 6ನೆಯ ಐರನ್ನಿನಲ್ಲಿ ಸುಮಾರು 4 ಡಿಗ್ರಿ ಕೆಳಮುಖವಾಗಿಯೂ, ಎಲ್‌ಪಿಜಿಎ ಮಹಿಳೆಯರು 2 ಡಿಗ್ರಿಗಿಂತ ಸ್ವಲ್ಪ ಹೆಚ್ಚು ಕೆಳಮುಖವಾಗಿಯೂ ಹೊಡೆಯುತ್ತಾರೆ. ಚೆಂಡನ್ನು ಮೇಲೆತ್ತಬೇಕಾದರೆ ಕೆಳಕ್ಕೆ ಹೊಡೆಯಬೇಕು ಎಂಬ ಈ ಸಂಗತಿ ಹೊಸಬರಿಗೆ ಜೀರ್ಣವಾಗಲು ವರ್ಷಗಳೇ ಬೇಕಾಗುತ್ತವೆ. ಮನಸ್ಸು ಚೆಂಡನ್ನು ಸೌಟಿನಿಂದ ಎತ್ತುವಂತೆ ಎತ್ತಲು ಹವಣಿಸುತ್ತದೆ. ಆಗ ದೇಹದ ಭಾರ ಹಿಂದಿನ ಕಾಲಿನ ಮೇಲೆಯೇ ಉಳಿದು ಕೆಳಬಿಂದು ಚೆಂಡಿನ ಹಿಂದಕ್ಕೆ ಸರಿಯುತ್ತದೆ.

ಈಗ ಒಬ್ಬ ಆಟಗಾರನ ಕೋಲು ಚೆಂಡಿಗಿಂತ ಎರಡು ಅಂಗುಲ ಹಿಂದೆ ನೆಲಕ್ಕೆ ತಗುಲಿತೆಂದು ಭಾವಿಸೋಣ. ಆಟಗಾರರ ಭಾಷೆಯಲ್ಲಿ ಇದು ಫ್ಯಾಟ್ ಹೊಡೆತ. ಮೆತ್ತನೆಯ ಹುಲ್ಲುನೆಲದಲ್ಲಿ ಕೋಲಿನ ಅಂಚು ಮಣ್ಣಿಗೆ ಇಳಿಯುತ್ತದೆ, ವೇಗ ಕುಸಿಯುತ್ತದೆ, ಕೋಲಿನ ಮುಖಕ್ಕೂ ಚೆಂಡಿಗೂ ನಡುವೆ ಹುಲ್ಲು, ಮಣ್ಣು ಸೇರಿಕೊಳ್ಳುತ್ತವೆ. ಚೆಂಡು ಗುರಿಗಿಂತ 20–30 ಗಜ ಮೊದಲೇ ಬೀಳುವುದು ಸಾಮಾನ್ಯ. ನಡುವೆ ನೀರಿದ್ದರೆ ಚೆಂಡು ನೀರುಪಾಲು. ಇದೇ ತಪ್ಪು ಹಾಸಿನ ಮೇಲಾದರೆ? ಹಾಸಿನೊಳಕ್ಕೆ ಕೋಲು ಇಳಿಯಲಾರದು. ಕೆಳಗಿರುವುದು ರಬ್ಬರು, ಕಾಂಕ್ರೀಟು. ಕೋಲಿನ ಅಡಿಭಾಗ ನೈಲಾನ್ ಎಳೆಗಳ ಮೇಲೆ ಜಾರಿಕೊಂಡು ಚೆಂಡಿನ ಬಳಿಗೆ ಬಂದು, ವೇಗವನ್ನು ಹೆಚ್ಚೇನೂ ಕಳೆದುಕೊಳ್ಳದೆ ಅದನ್ನು ಹೊಡೆಯುತ್ತದೆ. ಚೆಂಡು ಎತ್ತರಕ್ಕೆ, ನೇರವಾಗಿ, ಬಹುತೇಕ ಎಂದಿನ ದೂರಕ್ಕೇ ಹಾರುತ್ತದೆ. ಆಟಗಾರ ತೃಪ್ತಿಯಿಂದ ಮುಂದಿನ ಚೆಂಡನ್ನು ಎಳೆದುಕೊಳ್ಳುತ್ತಾನೆ. ಉತ್ತರಪತ್ರಿಕೆಯಲ್ಲಿ ತಪ್ಪಿಗೂ ಅಂಕ ಕೊಡುವ ಉಪಾಧ್ಯಾಯರಂತೆ ಹಾಸು ವರ್ತಿಸುತ್ತದೆ. ನಾಲ್ಕು ತಿಂಗಳು ಹೀಗೆ ಅಂಕ ಪಡೆದವನಿಗೆ ತನ್ನ ಕೆಳಬಿಂದು ಹಿಂದಕ್ಕೆ ಸರಿದಿದೆಯೆಂಬ ಸುಳಿವೇ ಸಿಗುವುದಿಲ್ಲ.

ಇನ್ನೊಂದು ಬಗೆಯ ಆಟಗಾರರೂ ಇದ್ದಾರೆ. ಗಟ್ಟಿ ಹಾಸಿಗೆ ಕೋಲು ಬಡಿದಾಗ ಮೊಣಕೈವರೆಗೆ ಏರುವ ಕಂಪನ ಇವರಿಗೆ ಸಹಿಸದು. ದೇಹ ತಾನಾಗಿಯೇ ಒಂದು ಉಪಾಯ ಹುಡುಕಿಕೊಳ್ಳುತ್ತದೆ: ನೆಲವನ್ನೇ ಮುಟ್ಟದೆ ಚೆಂಡನ್ನು ಗುಡಿಸಿದಂತೆ ಹೊಡೆಯುವುದು. ಕೈಗಳು ಕೊನೆಯ ಗಳಿಗೆಯಲ್ಲಿ ಮೇಲಕ್ಕೆ ಸೆಳೆಯಲ್ಪಡುತ್ತವೆ. ಹಾಸಿನ ಎಳೆಗಳ ಮೇಲೆ ಚೆಂಡು ತುಸು ಎತ್ತರದಲ್ಲಿ ಕುಳಿತಿರುವುದರಿಂದ ಅಲ್ಲಿ ಇದು ನಡೆದುಹೋಗುತ್ತದೆ. ಹುಲ್ಲು ಸವೆದ ಗಟ್ಟಿ ನೆಲದ ಮೇಲೆ ಚೆಂಡು ಕುಳಿತಾಗ ಇದೇ ಹೊಡೆತ ಚೆಂಡಿನ ನಡುಭಾಗಕ್ಕೆ ಕೋಲಿನ ಅಂಚನ್ನು ತಾಗಿಸಿ, ಚೆಂಡು ನೆಲಮಟ್ಟದಲ್ಲೇ ಚಿಮ್ಮಿ ಹೋಗುವಂತೆ ಮಾಡುತ್ತದೆ. ಒಬ್ಬನು ಹುಲ್ಲಿಗೆ ಬಂದು ಮಣ್ಣನ್ನು ಅಗೆಯುತ್ತಾನೆ, ಇನ್ನೊಬ್ಬನು ಚೆಂಡಿನ ತಲೆಯನ್ನು ಬಡಿಯುತ್ತಾನೆ. ಇಬ್ಬರಿಗೂ ಪಾಠ ಹೇಳಿದ್ದು ಒಂದೇ ಹಾಸು.

ಚಿಕ್ಕ ಹೊಡೆತಗಳಲ್ಲಿ ಮೋಸ ಇನ್ನೂ ಹೆಚ್ಚು. ವೆಡ್ಜ್ ಎಂಬ ಕೋಲಿನ ಅಡಿಭಾಗ ಉಬ್ಬಿದ್ದು, ಮರಳಿನಲ್ಲಿ, ಮೆತ್ತನೆಯ ಹುಲ್ಲಿನಲ್ಲಿ ಹೂತುಹೋಗದೆ ಜಾರಲು ಅನುಕೂಲವಾಗುವಂತೆ ರಚಿತವಾಗಿರುತ್ತದೆ. ಇದಕ್ಕೆ ಬೌನ್ಸ್ ಎಂದು ಹೆಸರು. ಹಾಸಿನ ಮೇಲೆ ಈ ಉಬ್ಬು ಸ್ಕೇಟಿಂಗ್ ಚಕ್ರದಂತೆ ಕೆಲಸ ಮಾಡುವುದರಿಂದ ಕೆಟ್ಟ ಚಿಪ್ ಹೊಡೆತವೂ ಸೊಗಸಾಗಿ ಕಾಣುತ್ತದೆ. ಹಸಿರಂಗಳದ ಸುತ್ತಲಿನ ಸೂಕ್ಷ್ಮ ಹೊಡೆತಗಳನ್ನು ಹಾಸಿನ ಮೇಲೆ ಕಲಿಯುವ ಪ್ರಯತ್ನ ವ್ಯರ್ಥವೆಂದೇ ನಮ್ಮ ಅಭಿಪ್ರಾಯ.

ಇದಕ್ಕೆ ತದ್ವಿರುದ್ಧವಾಗಿ ಡ್ರೈವರ್ ಅಭ್ಯಾಸಕ್ಕೆ ಹಾಸಿನಿಂದ ಹೇಳಿಕೊಳ್ಳುವಂಥ ಬಾಧೆಯಿಲ್ಲ. ಅಲ್ಲಿ ಚೆಂಡು ಟೀ ಎಂಬ ಗೂಟದ ಮೇಲೆ ಇರುತ್ತದೆ, ಕೋಲು ನೆಲವನ್ನು ಮುಟ್ಟುವುದೇ ಇಲ್ಲ. ರಬ್ಬರ್ ಟೀಗಳ ಎತ್ತರ ನಮ್ಮ ಇಷ್ಟದಂತಿರುವುದಿಲ್ಲ ಎಂಬುದೊಂದೇ ತೊಡಕು.

ಕಣ್ಣಿಗೆ ಬೀಳದ ಇತರ ವ್ಯತ್ಯಾಸಗಳು

ಹಾಸಿನ ಅಂಚುಗಳು ಗುರಿಯತ್ತ ನೇರವಾಗಿ ಎಳೆದ ಗೆರೆಗಳಂತಿರುತ್ತವೆ. ಪಾದಗಳನ್ನು ಅವುಗಳಿಗೆ ಸಮಾನಾಂತರವಾಗಿ ಇಟ್ಟರಾಯಿತು, ಗುರಿ ತಾನಾಗಿ ಹೊಂದುತ್ತದೆ. ತೆರೆದ ಮೈದಾನದಲ್ಲಿ ಈ ಗೆರೆಗಳಿಲ್ಲ. ಹೊಡೆತ ಕೆಟ್ಟಿತೆಂದು ಕೊರಗುವ ಅನೇಕರು ನಿಜವಾಗಿ ನಿಂತಿರುವುದೇ ಓರೆಯಾಗಿ. ಇದಲ್ಲದೆ, ಚೆಂಡಿಡುವ ಹಾಸಿನ ತುಂಡು ಮತ್ತು ನಿಲ್ಲುವ ತುಂಡು ಬೇರೆಬೇರೆಯಾಗಿದ್ದರೆ ಅವುಗಳ ಮಟ್ಟವೂ ಬೇರೆಯಾಗಿರಬಹುದು. ಹೊಸ ತುಂಡು ಎತ್ತರವಾಗಿದ್ದರೆ ಚೆಂಡು ಪಾದಗಳಿಗಿಂತ ಮೇಲಿರುತ್ತದೆ. ಬಹುಕಾಲ ಬಳಸಿ ಗುಳಿಬಿದ್ದ ಹಾಸಿನಲ್ಲಿ ಕೆಳಗಿರುತ್ತದೆ. ಮೊದಲನೆಯದರಲ್ಲಿ ಬಲಗೈ ಆಟಗಾರನ ಚೆಂಡು ಎಡಕ್ಕೂ, ಎರಡನೆಯದರಲ್ಲಿ ಬಲಕ್ಕೂ ಒಲಿಯುವ ಪ್ರವೃತ್ತಿ ಸಹಜ. ಇದನ್ನು ತನ್ನ ದೋಷವೆಂದು ತಿಳಿದು ಹಿಡಿತವನ್ನೇ ಬದಲಿಸಿಕೊಳ್ಳುವವರುಂಟು.

ಚಳಿಯ ಪಾಲೂ ಇದೆ. 0 ಡಿಗ್ರಿಯ ಗಾಳಿ 25 ಡಿಗ್ರಿಯ ಗಾಳಿಗಿಂತ ಸುಮಾರು ಶೇಕಡಾ 9ರಷ್ಟು ಸಾಂದ್ರವಾದುದು. ತಣ್ಣಗಾದ ಚೆಂಡಿನ ಪುಟಿತವೂ ಕುಗ್ಗುತ್ತದೆ. ಸ್ವೆಟರಿನ ಮೇಲೆ ಜಾಕೆಟು ಧರಿಸಿದ ಭುಜಗಳು ಪೂರ್ತಿ ತಿರುಗುವುದಿಲ್ಲ. ಹಲವು ರೇಂಜ್‌ಗಳಲ್ಲಿ ಕಡಿಮೆ ದೂರ ಹಾರುವ ಅಭ್ಯಾಸದ ಚೆಂಡುಗಳನ್ನೇ ಇಟ್ಟಿರುತ್ತಾರೆ. ಇಷ್ಟೆಲ್ಲ ಸೇರಿದಾಗ ಚಳಿಗಾಲದ ರೇಂಜ್‌ನಲ್ಲಿ ಕಂಡ ದೂರವನ್ನು ನಂಬಿ ಬೇಸಗೆಯಲ್ಲಿ ಕೋಲು ಆರಿಸುವುದು ಸರಿಯಲ್ಲ. ಚೆಂಡಿನ ವೇಗ, ಎತ್ತರ ತೋರಿಸುವ ಯಂತ್ರಗಳು ಈಗ ಎಲ್ಲೆಡೆ ಬಂದಿವೆ. ಅವು ಚೆಂಡು ಏನು ಮಾಡಿತೆಂಬುದನ್ನು ನಿಖರವಾಗಿ ಹೇಳುತ್ತವೆ. ಆದರೆ ಚೆಂಡಿಗೆ ಮೊದಲು ಹಾಸನ್ನು ಮುಟ್ಟಿದ್ದೀರಿ ಎಂದು ಹೇಳುವ, ಕೆಳಬಿಂದುವನ್ನು ಅಳೆಯುವ ಸಾಮರ್ಥ್ಯ ದುಬಾರಿಯಾದ ಕೆಲವಕ್ಕೆ ಮಾತ್ರ ಉಂಟು.

ಮೊಣಕೈ ಮತ್ತು ಮಣಿಕಟ್ಟು

ಆಟ ಕೆಡುವುದು ಒಂದು ಮಾತು, ಕೈ ಕೆಡುವುದು ಇನ್ನೊಂದು. ಹುಲ್ಲುನೆಲ ತಾನು ಹರಿದು ಆಘಾತವನ್ನು ಹೀರಿಕೊಳ್ಳುತ್ತದೆ. ಗಟ್ಟಿ ಹಾಸು ಆ ಆಘಾತವನ್ನು ಕೋಲಿನ ಮೂಲಕ ಕೈಗೇ ಹಿಂದಿರುಗಿಸುತ್ತದೆ. ಮೊಣಕೈಯ ಒಳಬದಿಯ ಸ್ನಾಯುರಜ್ಜುವಿನ ನೋವಿಗೆ ಗಾಲ್ಫರ್ಸ್ ಎಲ್ಬೊ ಎಂದೇ ಹೆಸರು ಬಂದಿದೆ. ಹೊರಬದಿಯ ನೋವು, ಅಂದರೆ ಟೆನ್ನಿಸ್ ಎಲ್ಬೊ ಕೂಡ ಗಾಲ್ಫ್ ಆಟಗಾರರಲ್ಲಿ ಸಾಮಾನ್ಯವೇ. ಇವು ಒಂದೇ ದಿನದಲ್ಲಿ ಬರುವುದಿಲ್ಲ. ಪುನಃ ಪುನಃ ಬಿದ್ದ ಸಣ್ಣ ಪೆಟ್ಟುಗಳಿಂದ ಕೂಡಿಬರುತ್ತವೆ, ಗುಣವಾಗಲು ತಿಂಗಳುಗಳು ಹಿಡಿಯುತ್ತವೆ. ಐವತ್ತು ದಾಟಿದ ಓದುಗರು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇವೆ.

ಇನ್ನೂ ಗಂಭೀರವಾದುದು ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆಗಿರುವ ಹ್ಯಾಮೇಟ್ ಎಂಬ ಪುಟ್ಟ ಎಲುಬಿನ ಕೊಕ್ಕೆಯಂಥ ಭಾಗದ ಬಿರುಕು. ಕೋಲಿನ ಹಿಡಿಯ ತುದಿ, ಬಲಗೈ ಆಟಗಾರನಿಗಾದರೆ ಎಡ ಅಂಗೈಯ ಇದೇ ಜಾಗಕ್ಕೆ ಒತ್ತಿಕೊಂಡಿರುತ್ತದೆ. ಕೋಲು ಗಟ್ಟಿ ವಸ್ತುವಿಗೆ ಬಡಿದು ಥಟ್ಟನೆ ನಿಂತಾಗ ಪೆಟ್ಟು ಬೀಳುವುದು ಅಲ್ಲಿಗೆ. ಸಾಧಾರಣ ಎಕ್ಸ್-ರೇ ಚಿತ್ರದಲ್ಲಿ ಈ ಬಿರುಕು ಕಾಣದೆ ತಪ್ಪಿಸಿಕೊಳ್ಳುವ ಸಂಭವವಿದೆ. ಆ ಜಾಗವನ್ನು ಒತ್ತಿದಾಗ ನೋವು, ಹಿಡಿತದಲ್ಲಿ ನಿಶ್ಶಕ್ತಿ ಉಳಿದುಕೊಂಡರೆ ಬರಿಯ ಉಳುಕೆಂದು ತೈಲ ತಿಕ್ಕಿ ಸುಮ್ಮನಾಗದೆ, ಗಾಲ್ಫ್ ಆಡುತ್ತೇನೆಂದು ಮೂಳೆವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು.

ರೇಂಜ್‌ನಲ್ಲಿ ಚೆಂಡುಗಳನ್ನು ಬುಟ್ಟಿಯ ಲೆಕ್ಕದಲ್ಲಿ ಮಾರುತ್ತಾರೆ. ಎಲೆಗೆ ಬಡಿಸಿದ್ದನ್ನು ಬಿಡಬಾರದೆಂದು ಬೆಳೆದ ನಮ್ಮವರು ದುಡ್ಡು ಕೊಟ್ಟ ಬುಟ್ಟಿಯನ್ನು ಖಾಲಿ ಮಾಡದೆ ಹಿಂದಿರುಗುವುದಿಲ್ಲ. ಕೊನೆಯ ಮೂವತ್ತು ಚೆಂಡುಗಳನ್ನು ದಣಿದ ಕೈಗಳು ಹೊಡೆಯುತ್ತವೆ. ಹಾಸಿಗೆ ಹೆಚ್ಚು ಬಡಿಯುವುದೂ ಆಗಲೇ. ಉಳಿದ ಚೆಂಡುಗಳನ್ನು ಪಕ್ಕದವರಿಗೆ ಕೊಟ್ಟು ಬರುವುದು ಔಷಧದ ಅಂಗಡಿಗೆ ಹೋಗುವುದಕ್ಕಿಂತ ಅಗ್ಗ.

ಹಾಗಾದರೆ ಹಾಸನ್ನು ಬಿಡಬೇಕೆ?

ಖಂಡಿತ ಇಲ್ಲ. ಜಪಾನ್ ಮತ್ತು ದಕ್ಷಿಣ ಕೊರಿಯಾಗಳಲ್ಲಿ ಭೂಮಿಯ ಅಭಾವದಿಂದ ನಗರಗಳ ರೇಂಜ್‌ಗಳು ಎರಡು, ಮೂರು ಅಂತಸ್ತಿನ ಕಟ್ಟಡಗಳಾಗಿವೆ. ಅಲ್ಲಿನ ಸಾಮಾನ್ಯ ಆಟಗಾರನಿಗೆ ಹಾಸೇ ನೆಲ. ಆದರೂ 1998ರಲ್ಲಿ ಅಮೆರಿಕದ ಮಹಿಳಾ ಓಪನ್ ಗೆದ್ದ ಪಾಕ್ ಸೆ-ರಿ, 2016ರ ರಿಯೊ ಒಲಿಂಪಿಕ್ಸ್ ಸ್ವರ್ಣ ಗೆದ್ದ ಪಾರ್ಕ್ ಇನ್-ಬೀ, 2021ರಲ್ಲಿ ಮಾಸ್ಟರ್ಸ್ ಗೆದ್ದ ಮತ್ಸುಯಾಮ ಹಿದೆಕಿ ಆ ದೇಶಗಳವರೇ. ಸ್ಥಿರವಾದ, ಒಂದೇ ತೆರನಾದ ನೆಲದಿಂದ ಹೊಡೆಯುವಾಗ ಸ್ವಿಂಗ್‌ನ ಲಯ, ಕೋಲಿನ ಮುಖದ ದಿಕ್ಕು, ಚೆಂಡು ಹೊರಡುವ ರೇಖೆ ಇವುಗಳನ್ನು ಬೇರೆ ಗೊಂದಲವಿಲ್ಲದೆ ತಿದ್ದಿಕೊಳ್ಳಬಹುದು. ಹಾಸು ಹೇಳದೆ ಬಚ್ಚಿಡುವ ಒಂದು ಸಂಗತಿಯನ್ನು, ಅಂದರೆ ಕೋಲು ಮೊದಲು ಎಲ್ಲಿ ತಾಗಿತೆಂಬುದನ್ನು, ಬೇರೆ ಸಾಧನದಿಂದ ತಿಳಿದುಕೊಳ್ಳುವ ವ್ಯವಸ್ಥೆ ಮಾಡಿಕೊಂಡರೆ ಸಾಕು.

ಅತ್ಯಂತ ಸರಳವಾದುದು ಟವೆಲ್ ವಿಧಾನ. ಚೆಂಡಿನ ಹಿಂದೆ 10–12 ಸೆಂಟಿಮೀಟರ್ ಬಿಟ್ಟು, ತೆಳುವಾದ ಟವೆಲೊಂದನ್ನು ಮಡಿಸದೆ ಒಂದೇ ಪದರವಾಗಿ ಹರಡಿ. 4 ಡಿಗ್ರಿ ಕೆಳಮುಖವಾಗಿ ಬರುವ ಕೋಲು ಆ ಜಾಗದಲ್ಲಿ ನೆಲದಿಂದ ಒಂದು ಸೆಂಟಿಮೀಟರಿನಷ್ಟು ಮೇಲಿರುವುದರಿಂದ ಸರಿಯಾದ ಹೊಡೆತಕ್ಕೆ ಟವೆಲು ಅಡ್ಡಿಯಾಗದು. ಕೆಳಬಿಂದು ಹಿಂದೆ ಸರಿದಿದ್ದರೆ ಕೋಲು ಟವೆಲನ್ನು ಎಳೆದುಕೊಂಡೇ ಬರುತ್ತದೆ. ದಪ್ಪ ಮಡಿಕೆ ಹಾಕಿದರೆ ಒಳ್ಳೆಯ ಹೊಡೆತವೂ ತಗುಲಿ ವೃಥಾ ಗಾಬರಿಯಾಗುತ್ತದೆ. ಎರಡನೆಯದು ಪೌಡರಿನ ಗೆರೆ. ಹಾಸಿನ ಮೇಲೆ ಅಡ್ಡಲಾಗಿ ಸೀಮೆಸುಣ್ಣದ ಪುಡಿ ಅಥವಾ ಟಾಲ್ಕಂ ಪೌಡರನ್ನು ಉದುರಿಸಿ, ಚೆಂಡಿಲ್ಲದೆ ಕೋಲು ಬೀಸಿ. ಗೆರೆಯ ಗುರಿಯ ಕಡೆಯಲ್ಲಿ ಹಾಸು ತಿಕ್ಕಿಸಿಕೊಂಡಿದ್ದರೆ ಸರಿ, ಹಿಂದಿನಿಂದಲೇ ಪುಡಿ ಚದುರಿದ್ದರೆ ದೋಷವಿದೆ. ರೇಂಜ್‌ನವರ ಅನುಮತಿ ಪಡೆದು, ಮುಗಿದ ಮೇಲೆ ಒರೆಸಿ ಬರುವುದು ಸೌಜನ್ಯ.

ಕಿವಿಯೂ ಒಂದು ಉಪಕರಣ. ಶುದ್ಧವಾದ ಹೊಡೆತದಲ್ಲಿ ಚೆಂಡಿನ ಗರಿಗರಿ ಸದ್ದು ಮುಂದಾಗಿ ಕೇಳುತ್ತದೆ, ಹಾಸಿನ ಸದ್ದು ಅದರೊಳಗೆ ಅಡಗುತ್ತದೆ. ಫ್ಯಾಟ್ ಹೊಡೆತದಲ್ಲಿ ಮೊದಲು ದಪ್ಪನೆಯ ಧಬ್ ಸದ್ದು, ಆಮೇಲೆ ಚೆಂಡು. ಚೆಂಡು ಚೆನ್ನಾಗಿ ಹಾರಿದರೂ ಈ ಸದ್ದು ಕೇಳಿದಲ್ಲಿ ಆ ಹೊಡೆತವನ್ನು ಕೆಟ್ಟದ್ದೆಂದೇ ಎಣಿಸಬೇಕು. ಮಕ್ಕಳಿಗೆ ಇದನ್ನು ಆಟದಂತೆ ಹೇಳಿಕೊಟ್ಟರೆ ಅವರ ಕಿವಿ ನಮ್ಮದಕ್ಕಿಂತ ಬೇಗ ಪಳಗುತ್ತದೆ.

ಹಾಸಿನ ಆಯ್ಕೆ ನಮ್ಮ ಕೈಯಲ್ಲಿದ್ದರೆ ಉದ್ದ ಎಳೆಯ, ಮೆತ್ತನೆಯ ಅಡಿಪದರವುಳ್ಳದ್ದನ್ನು, ಮರದ ಟೀ ಚುಚ್ಚಿದರೆ ನಿಲ್ಲುವಂಥದ್ದನ್ನು ಆರಿಸಬೇಕು. ನಡುವೆ ಎಳೆಗಳು ಸವೆದು ರಬ್ಬರು ಇಣುಕುವ ಜಾಗದಲ್ಲಿ ಚೆಂಡಿಡಲೇಬಾರದು. ಬೆಳಿಗ್ಗೆ ಬೇಗ ಹೋದವರಿಗೆ ಒಳ್ಳೆಯ ಹಾಸಿನ ಜಾಗ ಸಿಗುತ್ತದೆ. ಇಡೀ ಬುಟ್ಟಿಯನ್ನು 7ನೆಯ ಐರನ್ನಿಗೆ ಸುರಿಯದೆ, ಮೂರರಲ್ಲಿ ಒಂದು ಪಾಲಾದರೂ ಡ್ರೈವರ್‌ಗೆ ಮೀಸಲಿಟ್ಟರೆ ಕೈಗೂ ವಿಶ್ರಾಂತಿ, ಅಭ್ಯಾಸಕ್ಕೂ ನಷ್ಟವಿಲ್ಲ. ಬಿಸಿಲು ಬಿದ್ದ ದಿನ ಮರಳಿನ ಬಂಕರ್ ಸಿಕ್ಕರೆ ಅದೇ ಅತ್ಯುತ್ತಮ ಶಾಲೆ: ಮರಳಿನಲ್ಲೊಂದು ಗೆರೆ ಎಳೆದು, ಗೆರೆಯ ಮುಂದಿನ ಮರಳು ಮಾತ್ರ ಹಾರುವಂತೆ ಬೀಸುತ್ತಾ ಹೋಗಬೇಕು. ಮರಳು ಸುಳ್ಳು ಹೇಳುವುದಿಲ್ಲ, ಮಣಿಕಟ್ಟನ್ನೂ ನೋಯಿಸುವುದಿಲ್ಲ.

ಹುಲ್ಲಿಗೆ ಮರಳಿದ ಮೊದಲ ವಾರ ಅಂಕಗಳ ಚಿಂತೆ ಬೇಡ. ಅಭ್ಯಾಸದ ಹುಲ್ಲಿನಲ್ಲಿ ಚೆಂಡಿನ ನೇರಕ್ಕೆ, ಕೋಲು ತಾಗದಷ್ಟು ಆಚೆಗೆ ಒಂದು ಟೀ ಚುಚ್ಚಿ, 9ನೆಯ ಐರನ್ನಿನಿಂದ ಅರ್ಧ ಸ್ವಿಂಗ್‌ನ ಹತ್ತು ಚೆಂಡುಗಳನ್ನು ಹೊಡೆದು, ಪ್ರತಿ ಬಾರಿಯೂ ಡಿವಟ್ ಎಲ್ಲಿಂದ ಆರಂಭವಾಗಿದೆಯೆಂದು ಟೀಗೆ ಹೋಲಿಸಿ ನೋಡಬೇಕು. ಹತ್ತರಲ್ಲಿ ಏಳು ಗುರಿಯ ಕಡೆಗೆ ಆರಂಭವಾಗಿದ್ದರೆ ಪೂರ್ಣ ಸ್ವಿಂಗ್‌ಗೆ ಹೋಗಬಹುದು. ಶೀತದೇಶಗಳಲ್ಲಿ ಕಿತ್ತ ಹೆಪ್ಪನ್ನು ಮರಳಿ ಗುಳಿಯಲ್ಲಿಟ್ಟು ಕಾಲಿನಿಂದ ಅದುಮಿದರೆ ಬೇರು ಹಿಡಿಯುತ್ತದೆ. ನಮ್ಮ ಗರಿಕೆಯ ಮೈದಾನಗಳಲ್ಲಿ ಗುಳಿಗೆ ಮರಳು ತುಂಬಿ ಮಟ್ಟ ಮಾಡಿದರೆ ಸಾಕು, ಸುತ್ತಲಿನ ಬಳ್ಳಿಗಳೇ ಹಬ್ಬಿ ಅದನ್ನು ಮುಚ್ಚಿಕೊಳ್ಳುತ್ತವೆ.